ಹೆಂಚಿನ ಡಿಪೋ ಮುಂದಿನ ಹಾಲುಗಂಬ

ಯುದ್ಧ ನಡೆಯುತ್ತಿದ್ದದ್ದು ಎಲ್ಲೋ ಬರ್ಮಾದಲ್ಲಿ. ಅದರ ಪೆಟ್ಟು ಬೀಳುತ್ತಿದ್ದದ್ದು ಮಾತ್ರ ನನ್ನ ಸೊಂಟಕ್ಕೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಮಳವಳ್ಳಿಯಿಂದ ಮದ್ದೂರಿಗೆ ಓಡುವ (ಓಡುವ ಎಂಬುದು ಉಪಚಾರದ ಮಾತು) ಬಸ್ಸಿನ ಹಿಂದೆ ಎಂಜಿನ್ನಿಗೆ ಗ್ಯಾಸು ಕೊಡುವ ಇದ್ದಿಲ ಒಲೆ ಕಟ್ಟಿದ್ದರು. ಸ್ವಲ್ಪ ಏರು ಬಂದರೂ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರು ಒಲೆ ಕೆದಕುತ್ತಿದ್ದ, ನಾವು ಇಳಿದು ನೂಕುತ್ತಿದ್ದೆವು. ನೂಕುವುದಕ್ಕೂ ಟಿಕೆಟ್ ಕೊಳ್ಳಬೇಕಾಗಿತ್ತು. ಪ್ರತಿ ಶನಿವಾರ ಹೀಗೆ ಬಸ್ಸನ್ನು ಮದ್ದೂರಿಗೆ ಮುಟ್ಟಿಸಿ, ಅಲ್ಲಿಂದ ರೈಲು ಹಿಡಿದು ಹನಕೆರೆಯಲ್ಲಿಳಿದು ಮನೆ ಸೇರಿದರೆ, ನನ್ನ ಹೆಂಡತಿ ಶಿವನಂಜಮ್ಮ ಬಾಗಿಲಲ್ಲೇ ಚೆಂಬು ಹಿಡಿದು, “ಮೊದ್ಲು ಮಸಿ ತೊಳ್ಕೊ, ಗುರ್ತು ಸಿಕ್ದ ಮೇಲೆ ಒಳೀಕ್ ಬಾ,” ಅನ್ನುತ್ತಿದ್ದಳು.

ನಾನು ಮಳವಳ್ಳಿಯ ಮಂಗಳೂರು ಹೆಂಚಿನ ಡಿಪೋದಲ್ಲಿ ಗುಮಾಸ್ತ, ಮ್ಯಾನೇಜರು ಮತ್ತು ಕಾವಲುಗಾರ. ಆಫೀಸೆಂದರೆ ಹೆಂಚಿನ ರಾಶಿಗಳ ನಡುವೆ ಒಂದು ಮೇಜು, ಒಂದು ಕುರ್ಚಿ. (ಕುರ್ಚಿಯಲ್ಲಿ ಕೂತರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆದರೆ ಕೂರಲು ಆಗುವುದಿಲ್ಲ.) ಊರಿಗೆಲ್ಲ ಹೆಂಚು ಮಾರುವ ಈ ಭವ್ಯ ಸೌಧಕ್ಕೆ ಹೊದಿಸಿದ್ದದ್ದು ತೆಂಗಿನ ಗರಿ.

ಆ ವರ್ಷ ನಮ್ಮ ಮಂಡ್ಯ ಡಿಪೋದ ಗುಮಾಸ್ತನ ಜಾಗ ಖಾಲಿಯಾಯಿತು. ಮಂಡ್ಯವೆಂದರೆ ಕರೆಂಟು ದೀಪ, ಹನಕೆರೆಗೆ ಕೂಗಳತೆಯ ರೈಲು, ರಾತ್ರಿ ಊಟಕ್ಕೆ ಮನೆ. ಆ ಜಾಗ ಯಾರಿಗೆಂದು ತೀರ್ಮಾನಿಸುವವರು ನಮ್ಮ ಸಲ್ದಾನಾ ಸಾಹೇಬರು, ಮಂಗಳೂರಿನ ಕ್ರೈಸ್ತರು. ಡಿಪೋಗಳನ್ನೆಲ್ಲ ನೋಡಿಕೊಂಡು ಕ್ರಿಸ್‌ಮಸ್‌ಗೆ ಊರಿಗೆ ಹೋಗುವ ಮೊದಲು ಮಳವಳ್ಳಿಗೂ ಬರುತ್ತೇನೆಂದು ಹೇಳಿಕಳಿಸಿದರು. ತಕ್ಷಣ ನನ್ನ ಬುದ್ಧಿ ಚುರುಕಾಯಿತು. ಆಫೀಸನ್ನು ಕ್ರಿಸ್‌ಮಸ್‌ಗೆ ಸಿಂಗರಿಸಿದರೆ ಮಂಡ್ಯ ನನ್ನದೇ.

ಕ್ರಿಸ್‌ಮಸ್ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ತಗಡಿನ ಅಂಗಡಿಯ ಗಫಾರ್ ಸಾಬರು ಬೆಂಗಳೂರಿನ ದಂಡಿನಲ್ಲಿದ್ದು ಬಂದವರು. ದೊರೆಗಳ ಹಬ್ಬವನ್ನು ಕಣ್ಣಾರೆ (ಬೇಲಿಯಾಚೆಯಿಂದ) ಕಂಡವರು.

“ಹಸಿರು ಮರ ಒಂದು ನೆಡ್ಬೇಕು, ಹೊನ್ನಯ್ಯನೋರೆ,” ಅಂದರು. “ಬಣ್ಣದ ಕಾಗ್ದ, ಹಣ್ಣು ಎಲ್ಲಾ ಕಟ್ಬೇಕು. ತುದೀಲಿ ಪಳಪಳ ಅನ್ನೋದು ಏನಾದ್ರೂ ಇರ್ಲೇಬೇಕು.”

“ಯಾವ ಮರ?”

“ಸರ್ವೆ ತರ ಇರ್ತದೆ. ಸಿಗ್ದಿದ್ರೆ ಯಾವುದಾದ್ರೂ ಆಯ್ತದೆ. ಸಾಹೇಬ್ರು ಬಂದು ಎಲೆ ಎಣಿಸ್ತಾರಾ?”

ಸರ್ವೆ ಸಿಗಲಿಲ್ಲ. ಕೆರೆ ಏರಿಯಲ್ಲಿ ಅತ್ತಿಮರ ಸಿಕ್ಕಿತು. ಒಂದು ಕೊಂಬೆ ಕಡಿದು ತಂದೆ. ಆಫೀಸಿನೊಳಗೆ ನನಗೇ ಜಾಗವಿಲ್ಲದ್ದರಿಂದ ಬಾಗಿಲ ಮುಂದೆ ನೆಟ್ಟೆ. (ನಮ್ಮ ಕಡೆ ಮದುವೆಮನೆ ಮುಂದೆ ನೆಡುವ ಹಾಲುಗಂಬವೂ ಅತ್ತಿ ಕೊಂಬೆಯೇ ಎಂಬುದು ನನಗೆ ಗೊತ್ತಿತ್ತು. ಆದರೆ ಅದಕ್ಕೆ ಹಚ್ಚುವುದು ಅರಿಶಿನ ಕುಂಕುಮ, ಇದಕ್ಕೆ ಕಟ್ಟಿದ್ದು ಬಣ್ಣದ ಕಾಗದ ಮತ್ತು ಬಾಳೆಹಣ್ಣು. ಅಷ್ಟು ತಿಳಿಯದವರಿಗೆ ನಾನೇನು ಮಾಡಲಿ?)

ಇನ್ನು ಪಳಪಳ. ಯುದ್ಧದ ಕಾಲದಲ್ಲಿ ಜರಿ ಕಾಗದ ಯಾವ ಅಂಗಡಿಯಲ್ಲೂ ಇರಲಿಲ್ಲ. ನಮ್ಮ ಮನೆಯಲ್ಲಿ ಪಳಪಳ ಅನ್ನುವ ವಸ್ತು ಒಂದೇ: ಮದುವೆಯಲ್ಲಿ ನನ್ನ ಹಣೆಗೆ ಕಟ್ಟಿದ್ದ ಬಾಸಿಂಗ. ಶಿವನಂಜಮ್ಮ ಅದನ್ನು ನಡುಮನೆಯ ಕಂಬಕ್ಕೆ ಕಟ್ಟಿ, ಹಬ್ಬಹಬ್ಬಕ್ಕೂ ಧೂಳು ಕೊಡವಿ, ನನಗಿಂತ ಚೆನ್ನಾಗಿ ನೋಡಿಕೊಂಡಿದ್ದಳು. ಭಾನುವಾರ ಅವಳು ನೀರಿಗೆ ಹೋದಾಗ ಮೆಲ್ಲಗೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಕೇಳಿಯೇ ತರಬಹುದಿತ್ತು. ಕೇಳಿದ್ದರೆ ಅವಳ ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಯುವಷ್ಟರಲ್ಲಿ ಕ್ರಿಸ್‌ಮಸ್ಸೂ ಮುಗಿದಿರುತ್ತಿತ್ತು.

ಮರದ ತುದಿಯಲ್ಲಿ ಬಾಸಿಂಗ ಏರಿದ ಗಳಿಗೆಯಿಂದ ಪೀಡೆ ಶುರುವಾಯಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು, “ಯಾರ್ ಮದ್ವೆ?” ಎಂದು ಕೇಳುವವರೇ. ಮೊದಮೊದಲು ಮರ್ಯಾದೆಯಿಂದ ಕ್ರಿಸ್‌ಮಸ್ಸೆಂದರೇನೆಂದು ವಿವರಿಸಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, “ಅದ್ಸರಿ, ಯಾರ್ ಮದ್ವೆ?” ಅನ್ನುತ್ತಿದ್ದರು. ಆಮೇಲಾಮೇಲೆ ನಾನೂ, “ನಂದೇ, ಊಟಕ್ ಬಂದ್ಬುಡಿ,” ಅನ್ನತೊಡಗಿದೆ. ಅರ್ಧ ಮಳವಳ್ಳಿಯನ್ನು ಹೀಗೆ ಕರೆದೆ.

ಸಾಹೇಬರು ಬರುವ ಹಿಂದಿನ ದಿನ ನಮ್ಮ ಹನಕೆರೆಯ ಮರಿಸಿದ್ದಯ್ಯ ಹೆಂಚು ನೋಡಲು ಬಂದ. ಅವನು ನೋಡಿದ್ದು ಹೆಂಚನ್ನಲ್ಲ.

“ಏನ್ಲಾ ಒನ್ನಯ್ಯ, ಆಲ್ಗಂಬ ನೆಟ್ಟಿದ್ದೀಯೆ. ಯಾರ್ಗ್ಲಾ ಮದ್ವೆ?”

“ನಂಗೇ ಕಣ್ಲಾ. ಎರಡ್ನೇದು.”

ಅವನು ನಗಲಿಲ್ಲ. “ಎಣ್ಣು ಯಾವೂರು?”

“ಮಂಗಳೂರು,” ಎಂದೆ, ಹೆಂಚಿನ ರಾಶಿ ತೋರಿಸುತ್ತ.

ಅವನು ಒಂದು ಹೆಂಚನ್ನೂ ಕೊಳ್ಳದೆ ಸಿಕ್ಕಿದ ಬಸ್ಸಿಗೆ ಹೊರಟುಹೋದ. ನಮಗೆ ಮಕ್ಕಳಿಲ್ಲದಿರುವುದೂ, “ಇನ್ನೊಂದ್ ಎಣ್ಣು ನೋಡ್ಲಾ ಮಗ” ಎಂದು ನಮ್ಮವ್ವ ಹೋದಲ್ಲಿ ಬಂದಲ್ಲಿ ಅನ್ನುವುದೂ ಹನಕೆರೆಗೆಲ್ಲ ಗೊತ್ತಿತ್ತು. ಮಾತಿನ ಭರದಲ್ಲಿ ಮರೆತವನು ನಾನೊಬ್ಬನೇ.

ಮಾರನೆಯ ದಿನ ಇಸ್ತ್ರಿ ಕೋಟು ಹಾಕಿಕೊಂಡು ಬಸ್ಸಿಗೆ ಕಾದೆ. ಬಸ್ಸಿನಿಂದ ಮೊದಲು ಸಾಹೇಬರ ಹ್ಯಾಟು ಇಳಿಯಿತು. ಹಿಂದೆ ಶಿವನಂಜಮ್ಮ ಇಳಿದಳು. ಅವಳ ಹಿಂದೆ ನಮ್ಮತ್ತೆ ಚಿಕ್ಕಬೋರಮ್ಮನವರು. ಅತ್ತೆಯವರ ಬುಟ್ಟಿ ಸಾಹೇಬರ ಕೈಯಲ್ಲಿತ್ತು. ಮದ್ದೂರಿನಿಂದ ಒಂದೇ ಬಸ್ಸು. ಏರು ಬಂದಾಗಲೆಲ್ಲ ಇಳಿದು ಜೊತೆಯಲ್ಲೇ ನಡೆದು ಬಂದಿದ್ದರು. ನನ್ನ ಚರಿತ್ರೆಯೆಲ್ಲ ಹೇಳಿ ಮುಗಿಸುವುದಕ್ಕೆ ಆ ರಸ್ತೆಯಲ್ಲಿ ಬೇಕಾದಷ್ಟು ಏರುಗಳಿವೆ.

ಶಿವನಂಜಮ್ಮ ಮರದ ತುದಿಯನ್ನು ನೋಡಿದಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ಎಣ್ಣೆಲ್ಲಿ?” ಅಂದಳು.

“ಯಾವ ಹೆಣ್ಣೇ? ಇದು ಕ್ರಿಸ್‌ಮಸ್ಸು. ಸಾಹೇಬರ ಹಬ್ಬ. ಬೇಕಾದ್ರೆ ಅವರನ್ನೇ ಕೇಳು.”

ಸಾಹೇಬರು ಕನ್ನಡಕ ಒರೆಸಿಕೊಂಡು ಮರವನ್ನು ಬುಡದಿಂದ ತುದಿಯವರೆಗೆ ಪರೀಕ್ಷಿಸಿದರು.

“ನಾನು ಹುಟ್ಟಿದಂದಿನಿಂದ ಕ್ರಿಸ್‌ಮಸ್ ಮಾಡಿದವನು ಮಾರಾಯ್ರೆ. ಇಂಥದ್ದನ್ನು ಎಲ್ಲಿಯೂ ಕಂಡದ್ದಿಲ್ಲ. ನಮ್ಮಲ್ಲಿ ದನದ ಕೊಟ್ಟಿಗೆ ಮಾಡಿ ಶಿಶುವನ್ನು ಮಲಗಿಸುವುದು. ಇದು ನಿಮ್ಮ ಹೆಂಡತಿ ಬಸ್ಸಿನಲ್ಲಿ ಹೇಳಿದ ಹಾಗೆಯೇ ಉಂಟು.”

“ಕೇಳುಸ್ಕೊಂಡ್ಯಾ ಅಳಿಮಯ್ಯ?” ಎಂದರು ಅತ್ತೆ.

ನಾನು ಗಫಾರ್ ಸಾಬರ ಕಡೆ ನೋಡಿದೆ. ಅವರಿಗೆ ಆಗಲೇ ತುರ್ತಾಗಿ ಒಂದು ತಗಡು ಬಡಿಯುವ ಕೆಲಸ ಬಂದುಬಿಟ್ಟಿತ್ತು.

“ಮದ್ವೆ ನಂಗೇ ಅಂತ ಮರಿಸಿದ್ದಯ್ಯನ್ ತಾವ ನೀನೇ ಅಂದ್ಯಂತೆ,” ಎಂದಳು ಶಿವನಂಜಮ್ಮ.

“ತಮಾಷೆಗೆ ಅಂದೆ ಕಣೆ.”

“ನಿಮ್ಮವ್ವ ನಿಜವಾಗ್ಲೂ ಅಂದಾಗ ತಡ್ಕೊಂಡೆ. ನೀನು ತಮಾಸೆಗೂ ಅನ್ನಕಿಲ್ಲ ಅಂದ್ಕೊಂಡಿದ್ದೆ.” ಅವಳ ಕಣ್ಣು ತುಂಬಿಬಂತು.

“ನಿನ್ನ ಬಿಟ್ಟು ಇನ್ಯಾರನ್ನೂ ಕಟ್ಕೊಳ್ಳಲ್ಲ ಕಣೆ,” ಎಂದೆ, ಸಾಹೇಬರ ಎದುರಿಗೇ. ಹಾಗೆಂದವನೇ ಆ ದರಿದ್ರ ಕೊಂಬೆಯನ್ನು ಕಿತ್ತೆಸೆಯಲು ಹೋದೆ.

“ಮುಟ್ಬ್ಯಾಡ,” ಎಂದರು ಅತ್ತೆ. “ನೆಟ್ಟ ಆಲ್ಗಂಬವ ಮದ್ವೆ ಆಗ್ದೆ ಕಿತ್ರೆ ಮನೆಗೆ ಒಳ್ಳೇದಾಗಕಿಲ್ಲ.”

“ಇನ್ಯಾರಿಗೆ ಮದುವೆ ಮಾಡೋದು?”

“ನಿಂಗೇ. ಊರ್ಗೆಲ್ಲ ಏಳಿದ್ದೀಯಲ್ಲ.”

ಹೀಗೆ ಕ್ರಿಸ್‌ಮಸ್ ಸಂಭ್ರಮದಲ್ಲಿ ಹೆಂಚಿನ ರಾಶಿಗಳ ನಡುವೆ ನನಗೆ ಎರಡನೆಯ ಮದುವೆ ಆಯಿತು, ಮೊದಲನೆಯ ಹೆಂಡತಿಯ ಜೊತೆ. ಮರದ ತುದಿಯ ಬಾಸಿಂಗ ಮತ್ತೆ ನನ್ನ ಹಣೆಗೆ ಬಂತು. ಕಟ್ಟುವಾಗ ಶಿವನಂಜಮ್ಮ ತಲೆ ಸಿಡಿಯುವಷ್ಟು ಬಿಗಿದಳು, ಆಮೇಲೆ ನಕ್ಕಳು. ನಾನು ವ್ಯಂಗ್ಯವಾಗಿ ಕರೆದಿದ್ದ ಅರ್ಧ ಮಳವಳ್ಳಿ ನಿಜವಾಗಿಯೂ ಊಟಕ್ಕೆ ಬಂತು. ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂತವರು ಗಫಾರ್ ಸಾಬರು.

ಕೈ ತೊಳೆದ ಮೇಲೆ ಸಾಹೇಬರು ನನ್ನನ್ನು ಕರೆದರು.

“ಮಂಡ್ಯವನ್ನು ನಿಮಗೇ ಕೊಡುವ ಅಂತ ಬಂದಿದ್ದೆ. ನಿಮ್ಮ ಹೆಂಡತಿ ಬೇಡ ಅನ್ನುತ್ತಾರೆ.”

“ಮಂಡ್ಯ ದೊಡ್ಡೂರು ಸ್ವಾಮಿ, ಕರೆಂಟು ಬೇರೆ ಅದೆ,” ಎಂದಳು ಶಿವನಂಜಮ್ಮ ಹಿಂದಿನಿಂದ. “ಮಳವಳ್ಳೀಲೇ ಇಂಗಾಡೋನು ಅಲ್ಲಿ ಇನ್ನೆಂಗಾಡಾನು? ಇಲ್ಲೇ ಇರ್ಲಿ. ನಾನೇ ಬಂದು ಇರ್ತೀನಿ.”

ಸಾಹೇಬರು ಹಬ್ಬದ ಉಡುಗೊರೆಯೆಂದು ಆಫೀಸಿನ ಹಿಂದೆ ಒಂದು ಕೋಣೆಗೆ ಹೆಂಚು ಮಂಜೂರು ಮಾಡಿ ಊರಿಗೆ ಹೋದರು. ಮಗಳ ಸಂಸಾರ ಹೂಡಿಕೊಡಲು ನಿಂತ ಅತ್ತೆಯವರು ಇನ್ನೂ ಹೂಡುತ್ತಲೇ ಇದ್ದಾರೆ.

ಮದುವೆಯಾಯಿತಲ್ಲ, ಇನ್ನು ಕೀಳೋಣವೆಂದು ಒಂದೆರಡು ತಿಂಗಳ ಮೇಲೆ ಹೋದರೆ ಅತ್ತಿ ಕೊಂಬೆ ಬೇರು ಬಿಟ್ಟಿತ್ತು. ಈಗ ನೆರಳು ಕೊಡುವಷ್ಟಾಗಿದೆ. ಶಿವನಂಜಮ್ಮ ಅದಕ್ಕೆ ಆಗಾಗ ಅರಿಶಿನ ಹಚ್ಚುತ್ತಾಳೆ. ಮೊನ್ನೆ ಹೊಸಬನೊಬ್ಬ ಡಿಪೋ ಮುಂದೆ ನಿಂತು, ಅದನ್ನು ನೋಡಿ, “ಯಾರ್ ಮದ್ವೆ ಸ್ವಾಮಿ?” ಎಂದು ಕೇಳಿದ. ನಾನು ಬಾಯಿ ತೆರೆದೆ. ಒಳಗಿನಿಂದ ನಮ್ಮತ್ತೆ ಕೆಮ್ಮಿದರು.

“ಯಾರದೂ ಇಲ್ಲಪ್ಪ,” ಎಂದೆ. “ಹೆಂಚು ಎಷ್ಟು ಬೇಕು?”