ಮೈಮೇಲೆ ಒಂದು ಗೀರೂ ಇಲ್ಲದ ಬೀಗ ಮಹಾಶಯರಿಗೆ

ನಮ್ಮ ಮುಂಬಾಗಿಲ ಚಿಲಕದಲ್ಲಿ ಮಳೆ ಬಿಸಿಲೆನ್ನದೆ ತೂಗುತ್ತಿರುವ ಹಿತ್ತಾಳೆ ಬೀಗದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಇಂದು ಬೆಳಿಗ್ಗೆಯೂ ತಮ್ಮನ್ನು ಒರೆಸಿ, ಎಣ್ಣೆ ಬಿಟ್ಟು, ಜಗ್ಗಿ ನೋಡಿಯೇ ಕೆಲಸಕ್ಕೆ ಹೊರಟವನು ನಾನು. ನಮ್ಮ ಕ್ಷೇಮವನ್ನು ವಿಚಾರಿಸುವ ಅಭ್ಯಾಸ ತಮಗಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ನಮ್ಮ ಕುಕ್ಕರ್, ಇಸ್ತ್ರಿಪೆಟ್ಟಿಗೆ ಮತ್ತು ನನ್ನ ಹೆಂಡತಿಯ ಕೈಗಡಿಯಾರ ನಮ್ಮನ್ನು ಬಿಟ್ಟು ಹೋಗಿವೆ, ಹೋಗುವಾಗ ತಮ್ಮ ಕಣ್ಣೆದುರೇ ಹೋಗಿವೆ.

ದೂರಿಗೆ ಮೊದಲು ಗುಣಗಾನ ಮಾಡುವುದು ಮರ್ಯಾದೆ. ಪಕ್ಕದ ಬೀದಿಯಲ್ಲಿ ಕಳ್ಳತನವಾದ ಸುದ್ದಿ ಬಂದಾಗ, ಮೊದಲ ಮನೆಯ ನಿವೃತ್ತ ಹೆಡ್‌ಮಾಸ್ಟರು ಬೀದಿಯವರನ್ನೆಲ್ಲ ಕೂಡಿಸಿ ಭಾಷಣ ಮಾಡಿ, ಒಂದೇ ಅಂಗಡಿಯಿಂದ ತಮ್ಮನ್ನೂ ತಮ್ಮ ಒಡಹುಟ್ಟಿದವರನ್ನೂ ಮನೆಗೊಬ್ಬರಂತೆ ತರಿಸಿದರು. ‘ಸುತ್ತಿಗೆ ಮುರಿಯುತ್ತೆ ಸ್ವಾಮಿ, ಈ ಬೀಗ ಮುರಿಯಲ್ಲ’ ಎಂದು ಅಂಗಡಿಯವನು ಎದೆ ತಟ್ಟಿ ಹೇಳಿದ್ದ. ಆ ಮಾತನ್ನು ತಾವು ಚಾಚೂ ತಪ್ಪದೆ ಉಳಿಸಿಕೊಂಡಿರಿ, ನನ್ನ ದೂರು ಇರುವುದೇ ಅದರ ಮೇಲೆ.

ನಮ್ಮ ಬೀದಿಯ ಪದ್ಧತಿ ತಮಗೆ ಗೊತ್ತಿದೆ. ಹೊರಗೆ ಹೋಗುವವರು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರೆ, ಪಕ್ಕದವರೂ ಹೊರಟರೆ ಅದಕ್ಕೆ ತಮ್ಮದನ್ನೂ ಸೇರಿಸಿ ಅದರಾಚೆಯ ಮನೆಗೆ ದಾಟಿಸುತ್ತಾರೆ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಬೀದಿಯ ಮಕ್ಕಳೆಲ್ಲ ಮರಗಳಾಗಿ ನಿಲ್ಲುವವರಿದ್ದುದರಿಂದ ಆ ದಿನ ಬೀದಿಗೆ ಬೀದಿಯೇ ಹೊರಟಿತು, ಎಲ್ಲರ ಬೀಗದ ಕೈಗಳೂ ಮನೆಯಿಂದ ಮನೆಗೆ ದಾಟಿ ಕೊನೆಯ ಮನೆಯ ಚಿಕ್ಕಮ್ಮನ ಕೈಗೆ ಬಂದು ನಿಂತವು. ಈ ಚಿಕ್ಕಮ್ಮ ಬಟ್ಟೆ ಹೊಲಿದು ಒಬ್ಬರೇ ಬದುಕುವವರು, ಯಾರಿಗೂ ಸ್ವಂತ ಚಿಕ್ಕಮ್ಮನಲ್ಲದ ಕಾರಣ ಎಲ್ಲರಿಗೂ ಚಿಕ್ಕಮ್ಮ. ‘ನಾನು ಮರ ಆಗಿದ್ದು ನೀವೂ ನೋಡ್ಬೇಕು’ ಎಂದು ಮಕ್ಕಳು ಸೆರಗು ಹಿಡಿದು ಎಳೆದ ಮೇಲೆ ಅವರೂ ಹೊರಟರು. ಆದರೆ ಹೊಸ ಬೀಗಕ್ಕೆ ದುಡ್ಡು ಹೊಂದಿಸಲಾಗದ ಅವರೊಬ್ಬರ ಬಾಗಿಲಿಗೆ ಮಾತ್ರ ಇದ್ದದ್ದು ಹೇರ್‌ಪಿನ್ನಿಗೂ ತೆರೆದುಕೊಳ್ಳುವ ಹಳೆಯ ಬೀಗ. ತನ್ನ ಮನೆಗೆ ಕಳ್ಳ ನುಗ್ಗಿದರೆ ಎಲ್ಲರ ಬೀಗದ ಕೈಯೂ ಅವನಿಗೆ ಸಿಕ್ಕಿಬಿಡುತ್ತದಲ್ಲ ಎಂದು ತುಂಬಾ ಯೋಚಿಸಿ, ಅವುಗಳನ್ನು ಜೋಪಾನವಾಗಿ ಮೆಟ್ಟಿಲ ಮೇಲಿನ ಹೂಕುಂಡದ ಕೆಳಗೆ ಇಟ್ಟು ಹೋದರು.

ಕಳ್ಳ ಮಹಾಶಯನೂ ಶಿಸ್ತಿನ ಮನುಷ್ಯ. ಒಂದೊಂದೇ ಮನೆ ತೆರೆದು, ಬೇಕಾದ್ದನ್ನು ಆರಿಸಿಕೊಂಡು, ಮತ್ತೆ ಬೀಗ ಹಾಕಿ, ಬೀಗದ ಕೈಗಳನ್ನು ಹೂಕುಂಡದ ಕೆಳಗೇ ಇಟ್ಟು ಹೋದ. ಚಿಕ್ಕಮ್ಮನ ಮನೆಯ ಬೀಗದ ಕೈ ಅವರ ಸೊಂಟದಲ್ಲೇ ಇದ್ದುದರಿಂದ ಆ ಮನೆಯ ತಂಟೆಗೆ ಮಾತ್ರ ಹೋಗಲಿಲ್ಲ.

ಮಾನ್ಯರೇ, ತಮ್ಮ ಸದ್ಗುಣ ಒಬ್ಬರ ಪ್ರಾಣ ಹಿಂಡತೊಡಗಿದ್ದು ಇಲ್ಲಿಂದ. ತಪಾಸಣೆಗೆ ಬಂದ ಪೊಲೀಸಿನವರು ತಮ್ಮನ್ನು ತಿರುಗಿಸಿ ಮುರುಗಿಸಿ ನೋಡಿ, ‘ಬೀಗ ಮುರಿದಿಲ್ಲ, ಕೀ ಇಟ್ಟಲ್ಲೇ ಇದೆ, ಈ ಅಮ್ಮನ ಮನೆ ಒಂದೇ ಉಳಿದಿದೆ, ಇನ್ನು ನೀವೇ ಯೋಚ್ನೆ ಮಾಡಿ’ ಎಂದು ಹೇಳಿ ಹೋದರು. ನಮ್ಮವರು ಯೋಚನೆ ಮಾಡಿದರು. ಹೆಡ್‌ಮಾಸ್ಟರಂತೂ ನಡುಬೀದಿಯಲ್ಲಿ ನಿಂತೇ ಯೋಚನೆ ಮಾಡಿದರು, ‘ಮನೆಯೊಳಗಿನ ಕಳ್ಳಿಗೆ ಯಾವ ಬೀಗ ಏನು ಮಾಡೀತು’ ಎಂದು ಅವರು ಕೇಳಿದ್ದು ಬೀದಿಯ ಎರಡು ತುದಿಗೂ ಕೇಳಿಸಿತು. ‘ಅವರು ಅಂಥವರಲ್ಲ ಸಾರ್’ ಎಂದು ನಾನು ಹೇಳಿದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ. ಮರುದಿನದಿಂದ ಹೊಲಿಗೆಗೆ ಕೊಟ್ಟ ಬಟ್ಟೆಗಳು ವಾಪಸ್ಸು ಹೋಗತೊಡಗಿದವು. ಎದುರುಮನೆಯ ನರ್ಸಮ್ಮ ಮಗಳ ಫ್ರಾಕನ್ನು ಒಂದು ತೋಳು ಹಚ್ಚಿದ್ದು, ಇನ್ನೊಂದು ತೋಳು ಬಿಡಿಯಾಗಿದ್ದು, ಹಾಗೆಯೇ ಎತ್ತಿಕೊಂಡು ಹೋದರು. ಸದಾ ಸದ್ದು ಮಾಡುತ್ತಿದ್ದ ಆ ಮಷೀನು ಸುಮ್ಮನಾದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಕುಕ್ಕರ್ ಹೋದದ್ದಕ್ಕಿಂತ ಹೆಚ್ಚು ಸಂಕಟವಾಯಿತು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ದಯವಿಟ್ಟು ಹಿಂದಿನ ತಾರೀಖಿನಿಂದಲೇ ಅನ್ವಯವಾಗುವಂತೆ ಸ್ವಲ್ಪ ಮುರಿದುಕೊಳ್ಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ಮೈಮೇಲೆ ಒಂದು ಗೀರಾದರೂ ಮೂಡಿಸಿಕೊಳ್ಳಬೇಕು. ಅದೂ ಆಗದಿದ್ದರೆ ಪೊಲೀಸ್ ಠಾಣೆಗೆ ಹೋಗಿ, ಆ ಸಂಜೆ ತಮ್ಮ ಹೊಟ್ಟೆಯೊಳಗೆ ತಿರುಗಿದ ಕೈ ಸೂಜಿ ಹಿಡಿಯುವ ಕೈಯಲ್ಲವೆಂದು ಸಾಕ್ಷಿ ನುಡಿಯಬೇಕು, ಹೋಗಿಬರುವ ಆಟೋ ಬಾಡಿಗೆ ನನ್ನದು.

ತಾವು ಯೋಚಿಸುತ್ತಿರುವಷ್ಟರಲ್ಲಿ ಇಲ್ಲಿ ಬೇರೆಯೇ ನಡೆದಿದೆ. ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕೆಂಬ ಹೊಸ ಕಾನೂನು ತಂದ ಹೆಡ್‌ಮಾಸ್ಟರು ಅದನ್ನು ಎಲ್ಲೋ ಬೀಳಿಸಿಕೊಂಡು, ಮಗ ಬರುವ ತನಕ ಸ್ವಂತ ಮನೆಯ ಮೆಟ್ಟಿಲ ಮೇಲೆ ಅತಿಥಿಯಂತೆ ಕುಳಿತಿದ್ದರು. ಮಾರನೆಯ ದಿನವೇ ಮಗನ ಬಳಿಯಿದ್ದ ಇನ್ನೊಂದು ಬೀಗದ ಕೈ ಹಿಡಿದು, ಚಿಕ್ಕಮ್ಮನ ಹಿಂಬಾಗಿಲಿಗೆ ಹೋಗಿ, ‘ಯಾರಿಗೂ ಹೇಳ್ಬೇಡಿ, ಇದೊಂದು ನಿಮ್ಮ ಹತ್ರ ಇರ್ಲಿ’ ಎಂದು ಪಿಸುಗುಟ್ಟಿದರಂತೆ. ಅವರ ಹಿಂದೆಯೇ ನರ್ಸಮ್ಮ, ನರ್ಸಮ್ಮನ ಹಿಂದೆ ಉಳಿದವರು. ಚಿಕ್ಕಮ್ಮ ಒಂದನ್ನೂ ಮುಟ್ಟಲಿಲ್ಲ. ‘ಕಳ್ಳಿ ಅಂದಿದ್ದು ಬೀದೀಲಿ ನಿಂತು. ಕೀನೂ ಬೀದೀಲಿ ನಿಂತೇ ಕೊಡಿ, ಎಲ್ರಿಗೂ ಕೇಳೋ ಹಾಗೆ’ ಎಂದುಬಿಟ್ಟರು. ‘ಕಳ್ಳರಿಗೂ ಕೇಳಿಸುತ್ತಲ್ಲ ಚಿಕ್ಕಮ್ಮ’ ಎಂದು ಹೆಡ್‌ಮಾಸ್ಟರು ಗೋಗರೆದರೆ, ‘ಕೇಳಿಸ್ಲಿ ಬಿಡಿ. ಅವರೂ ತಿಳ್ಕೊಳ್ಳಲಿ, ಕಳ್ಳಿ ನಾನಲ್ಲ ಅಂತ’ ಎಂದರು.

ಇಂದು ಬೆಳಿಗ್ಗೆ ಹೆಡ್‌ಮಾಸ್ಟರು ನಡುಬೀದಿಯಲ್ಲಿ ನಿಂತು, ಹಾಜರಿ ಕೂಗುವ ದನಿಯಲ್ಲಿ, ‘ಚಿಕ್ಕಮ್ಮಾ, ನಮ್ಮನೆ ಕೀ ನಿಮ್ಮ ಹತ್ರಾನೇ ಇರ್ಲಿ, ತಪ್ಪಾಯ್ತು!’ ಎಂದು ಕೂಗಿದರು. ನರ್ಸಮ್ಮ ಫ್ರಾಕನ್ನೂ ಬಿಡಿ ತೋಳನ್ನೂ ಹಿಡಿದು ಸರದಿಯಲ್ಲಿ ನಿಂತಿದ್ದರು. ಈಗ ಸಂಜೆ ಕೆಲಸದಿಂದ ಬಂದು ಇದನ್ನು ಬರೆಯುವಾಗ ಮಷೀನಿನ ಸದ್ದು ನನ್ನ ಕಿವಿಗೆ ಬೀಳುತ್ತಿದೆ, ತಮ್ಮ ಕಿವಿಗೂ ಬೀಳುತ್ತಿರಬೇಕು.

ಇತಿ, ಕುಕ್ಕರಿಲ್ಲದಿದ್ದರೂ ನೆಮ್ಮದಿಯಿಂದಿರುವ

ತಮ್ಮ ವಿಶ್ವಾಸಿ,
ಮೂರನೇ ಮನೆಯವನು

ತಾ.ಕ.: ಎರಡೂ ಕೈಯಲ್ಲಿ ಚೀಲ ಹಿಡಿದು ಮಳೆಯಲ್ಲಿ ನಿಂತು ನಾನು ಬೀಗದ ಕೈ ತಿರುಗಿಸುವಾಗಲೆಲ್ಲ ತಾವು ಬಿಗುಮಾನ ಮಾಡುವುದುಂಟು. ಆ ಕಳ್ಳನಿಗೆ ಅಷ್ಟು ಸಲೀಸಾಗಿ ತೆರೆದುಕೊಂಡಿರಲ್ಲ, ಅವನು ತಮ್ಮನ್ನು ಏನೆಂದು ಕರೆದನೆಂದು ತಿಳಿಸಿದರೆ ನಾನೂ ಹಾಗೆಯೇ ಕರೆಯುತ್ತೇನೆ.