ಎರಡನೇದು ಬ್ಯಾಡಾಗಿತ್ತು

ಹೊಸ ಆಲ್ಬಮ್ ಕೇಳಿದರೆ ಒಂದು ಅಭಿಪ್ರಾಯ ಹುಟ್ಟುತ್ತದೆ. ಹುಟ್ಟಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಹೇಳಲು ಹೋದಾಗಲೆಲ್ಲ, ಬಸವಕಲ್ಯಾಣದಲ್ಲೋ ಹುಮನಾಬಾದದಲ್ಲೋ ಇಲ್ಲಾ ಎರಡರ ನಡುವಿನ ಬಸ್ಸಿನಲ್ಲೋ, ಏನಾದರೊಂದು ಆಗಿಯೇ ತೀರುತ್ತದೆ.

ನಾನು ಹುಮನಾಬಾದದ ಒಂದು ಚಷ್ಮಾ ಅಂಗಡಿಯಲ್ಲಿ ಕಣ್ಣು ತಪಾಸಣೆ ಮಾಡುವವಳು. ಇರುವುದು ಬಸವಕಲ್ಯಾಣದಲ್ಲಿ, ಒಂದು ಮನೆಯ ಮಾಳಿಗೆ ಮೇಲಿನ ಬಾಡಿಗೆ ಕೋಣೆಯಲ್ಲಿ, ಒಬ್ಬಳೇ. ನನಗಿರುವ ಹುಚ್ಚು ಪಂಕ್ ಮತ್ತು ಇಂಡೀ ರಾಕ್. ಪಂಕ್ ಅಂದರೆ ಗಿಟಾರು, ಡ್ರಮ್ಮು, ಸಿಟ್ಟು. ಎರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗಬೇಕು. ಇಂಡೀ ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳುವವರು. ಅಲ್ಲಿ ಸಿಟ್ಟಿಗಿಂತ ಬೇಸರ ಜಾಸ್ತಿ. ಈ ಹುಚ್ಚು ಹಚ್ಚಿದವಳು ಹುಬ್ಬಳ್ಳಿಯ ಹಾಸ್ಟೆಲಿನ ಗೆಳತಿ. ಈಗ ಆಕೆ ಪುಣೆಯಲ್ಲಿ. ಗಂಡ, ಮಕ್ಕಳು, ಸಂಸಾರ. ಮೊದಮೊದಲು ನನ್ನ ಒಂದು ಮೆಸೇಜಿಗೆ ಆಕೆ ಉದ್ದುದ್ದ ಜಗಳ ತೆಗೆಯುತ್ತಿದ್ದಳು. ಆಮೇಲೆ ಒಂದು ಸಾಲು ಬರತೊಡಗಿತು. ಈಗ ಬರೀ ಹೆಬ್ಬೆಟ್ಟಿನ ಚಿತ್ರ. ಹೀಗಾಗಿ ನನಗೆ ಸಿಕ್ಕಸಿಕ್ಕವರಿಗೆಲ್ಲ ಹೇಳುವ ಚಟ ಹತ್ತಿತು.

ಅಜವಾನ

ಒಂದು ಮುಂಜಾನೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಅಜ್ಜಿ ಬಂದು ಕೂತರು. ಹುಮನಾಬಾದದಲ್ಲಿ ಇಳಿದು, ಹುಡಗಿ ಅನ್ನುವ ಊರಿನಲ್ಲಿದ್ದ ಮಗಳ ಮನೆಗೆ ಹೋಗುವವರು. ನನ್ನ ಕಿವಿಯೊಳಗಿನ ಗದ್ದಲ ಅವರಿಗೂ ಕೇಳಿಸುತ್ತಿತ್ತೋ ಏನೋ, "ಏನ್ ಕೇಳಾಕತ್ತೀಯವ್ವಾ?" ಅಂದರು.

ಯಾರೂ ಹಾಗೆ ಕೇಳಿದ್ದೇ ಇಲ್ಲ. ಖುಷಿಯಿಂದ ಒಂದು ಇಯರ್‌ಫೋನನ್ನು ಸೆರಗಿನಿಂದ ಒರೆಸಿ ಅವರ ಕಿವಿಗಿಟ್ಟೆ. ಹೊಸ ಆಲ್ಬಮ್, ಹಾಡುವವನು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿ ಒಂದು ಹಾಡು ಪೂರಾ ಕೇಳಿದರು. ಆಮೇಲೆ ಕಳಕಳಿಯಿಂದ ಅಂದರು: "ಪಾಪ, ಹೊಟ್ಟಿ ಹಿಡದದ ಇಂವಗ. ಅಜವಾನ ಕುದಿಸಿ ಕುಡಸ್ಲಿಕ್ಕೆ ಹೇಳು."

"ಹೊಟ್ಟಿನೋವಲ್ಲರಿ ಅವ್ವಾ, ಸರಕಾರದ ಮ್ಯಾಲ ಸಿಟ್ಟು ಅಂವಗ."

ಅಜ್ಜಿ ಇಯರ್‌ಫೋನು ತೆಗೆದು ನನ್ನ ಅಂಗೈಯಲ್ಲಿಟ್ಟು ನಿಟ್ಟುಸಿರು ಬಿಟ್ಟರು.

"ಹಂಗಾದ್ರ ಅಜವಾನದಿಂದ ಆಗೂದಿಲ್ಲ ಬಿಡು."

ಕರೀ ಅಂಗಿ

ಅಂಗಡಿಗೆ ಮುಡಬಿ ಕಡೆ ಟಂಟಂ ಆಟೋ ಓಡಿಸುವ ಒಬ್ಬ ಮನುಷ್ಯ ಬಂದ. ನಲವತ್ತು ದಾಟಿದ ವಯಸ್ಸು. ಹತ್ತಿರದ ಅಕ್ಷರ ಕಾಣುವುದಿಲ್ಲ ಅಂದ. ಮೈಮೇಲೆ ಕರೀ ಟೀ-ಶರ್ಟು, ಅದರ ಮೇಲೆ ಒಂದು ಪಂಕ್ ಬ್ಯಾಂಡಿನ ಹೆಸರು! ಇಷ್ಟು ವರ್ಷ ಈ ತಾಲೂಕಿನಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

ಆತ ಮಷೀನಿನ ಮೇಲೆ ಗದ್ದ ಇಟ್ಟು ಕೂತಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಅಣ್ಣಾರ, ಇವರ ಹೊಸಾ ಆಲ್ಬಮ್ ಕೇಳಿದ್ರೇನು? ಮೊದಲಿನ ಹರಿತ ಉಳಿದಿಲ್ಲ ಅಲ್ಲ?"

ಗದ್ದ ಅಲ್ಲಾಡಿಸದೆ ಆತ ಕೇಳಿದ, "ಯಾರದ್ರಿ?"

"ನಿಮ್ಮ ಅಂಗಿ ಮ್ಯಾಲಿನವರದು."

"ಅದಾ? ಸಂತ್ಯಾಗ ತಗೊಂಡೀನ್ರಿ. ಏನ್ ಬರದಾರಂತ ಕಂಡ್ರ ನಿಮ್ಮ ಹತ್ರ ಯಾಕ ಬರ್ತಿದ್ದೆ?"

ನಾನು ಲೆನ್ಸಿನ ನಂಬರು ಕೂಡಿಸಿ ಆತನಿಗೆ ಪರೀಕ್ಷೆಯ ಚಷ್ಮಾ ಹಾಕಿದೆ. ಆತ ಬಗ್ಗಿ ತನ್ನ ಎದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. ಆ ಬ್ಯಾಂಡಿನ ಹೆಸರೇ ಒಂದು ಕೆಟ್ಟ ಬೈಗುಳ. ಆತ ಮೆಲ್ಲಗೆ ಹೆಗಲ ಮೇಲಿನ ಟವೆಲನ್ನು ಎದೆ ತುಂಬ ಹೊದ್ದುಕೊಂಡು ಅಂದ:

"ಮೇಡಮ್ಮಾರ, ಇದನ್ನ ಹಾಕ್ಕೊಂಡು ಮೊನ್ನಿ ಬೀಗರ ಕೂಡ ಫೋಟೋಕ್ಕ ನಿಂತೀನ್ರಿ."

ಮಾತಾಡುವವರು ಬೇಕು

ನಮ್ಮ ಮೌಶಿ, ಅಂದರೆ ಅವ್ವನ ತಂಗಿ, ನನಗೊಂದು ಗಂಡು ನೋಡಿದಳು. ಹುಮನಾಬಾದದ ಬೇಳೆ ವ್ಯಾಪಾರಿ. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಮೌಶಿಯ ಮನೆಯಲ್ಲಿ ಹಿರಿಯರು ನಮ್ಮಿಬ್ಬರನ್ನೇ ಪಡಸಾಲೆಯ ಸೋಫಾದ ಮೇಲೆ ಅಕ್ಕಪಕ್ಕ ಕೂರಿಸಿ ಒಳಗೆ ಹೋದರು.

ಏನು ಮಾತಾಡಬೇಕೋ ತಿಳಿಯದೆ ನನಗೆ ಗೊತ್ತಿದ್ದದ್ದನ್ನೇ ಮೆಲುದನಿಯಲ್ಲಿ ಶುರು ಮಾಡಿದೆ. ಆ ವಾರ ಬಂದ ಇಂಡೀ ಆಲ್ಬಮ್ಮಿನ ಬಗ್ಗೆ ಹೇಳಿದೆ. ಖಾಲಿ ಮನೆಯಲ್ಲಿ ಒಬ್ಬನೇ ಕೂತು ಹಾಡಿದ ಹಾಗಿದೆ, ಗಿಟಾರು ನಿಂತ ಮೇಲೂ ಫ್ಯಾನಿನ ಸದ್ದು ಕೇಳಿಸುತ್ತದೆ, ಅದನ್ನು ಅಳಿಸದೆ ಬಿಟ್ಟದ್ದೇ ಚಂದ ಅಂದೆ. ಆ ಸದ್ದು ನನಗೂ ಗೊತ್ತು ಅಂತಲೂ ಅಂದೆ. ಅವರು ಎದುರಿನ ಗೋಡೆ ನೋಡುತ್ತ ಕೂತಿದ್ದರು. ನಡುವೆ ಬಾಯಿ ಹಾಕಲಿಲ್ಲ, ಫೋನು ತೆಗೆಯಲಿಲ್ಲ. ಇಷ್ಟು ಸಮಾಧಾನದಿಂದ ನನ್ನ ಮಾತು ಕೇಳಿದವರು ಬೇರೆ ಯಾರೂ ಇಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಮನಸ್ಸಿನಲ್ಲೇ ಹೂಂ ಅಂದುಬಿಟ್ಟಿದ್ದೆ.

ಮರುದಿನ ಮೌಶಿಯ ಫೋನು ಬಂತು. "ಅವರು ಬ್ಯಾಡ ಅಂದ್ರವ್ವಾ."

"ಯಾಕ?"

"ಅವರಿಗೆ ಎಡಗಿವಿ ಕೇಳಂಗಿಲ್ಲಂತ, ನಮಗೂ ಯಾರೂ ಹೇಳಿರಲಿಲ್ಲ. ನೀ ಅವರ ಎಡಕ್ಕ ಕೂತಿದ್ದಿ." ಮೌಶಿ ಅವರ ಮಾತನ್ನು ಹಾಗೇ ಒಪ್ಪಿಸಿದಳು: "ಹೆಣ್ಣು ಭಾಳ ಮೂಕಿ ಅದ, ಮನ್ಯಾಗ ನನಗ ನಾಕು ಮಾತಾಡೋರು ಬೇಕಾಗ್ಯದ ಅಂದ್ರು."

ಹೆಬ್ಬೆಟ್ಟು ಬಾರದ ದಿನ

ನನ್ನ ಮನೆ ಮಾಲಕಿ ಕೆಳಗಡೆಯೇ ಇರುತ್ತಾರೆ. ಅರವತ್ತರ ಹೆಂಗಸು, ನಾನು ಅಕ್ಕಾ ಅನ್ನುತ್ತೇನೆ. ಓಣಿಯ ಹೆಂಗಸರದು ಒಂದು ಭಜನಾ ಬಳಗ ಇದೆ. ನಾನು ಒಮ್ಮೆಯೂ ಹೋಗದಿದ್ದರೂ ಅಕ್ಕ ನನ್ನನ್ನು ಅದರ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಅಲ್ಲಿ ಯಾರು ಏನು ಹಾಕಿದರೂ ಸಾಲಾಗಿ ಹೆಬ್ಬೆಟ್ಟುಗಳು ಬೀಳುತ್ತವೆ.

ಒಂದು ಐತವಾರ ನಾಲ್ಕು ಹೆಣ್ಣುಮಕ್ಕಳ ಹೊಸ ಪಂಕ್ ಆಲ್ಬಮ್ಮನ್ನು ದಿನವಿಡೀ ಕೇಳಿದೆ. ಸಂಜೆ ಪುಣೆಯ ಗೆಳತಿಗೆ ಬಾಯಿಮಾತಿನ ಮೆಸೇಜು ಕಳಿಸಿದೆ:

"ಎಲ್ಲಾ ಕೇಳಿದ್ನೇ. ಮೊದಲನೇದು ಮಸ್ತ್ ಅದ. ಎರಡನೇದು ಮಾತ್ರ ಬ್ಯಾಡಾಗಿತ್ತು, ಆಕಿ ಬರೇ ನಾಟಕ ಮಾಡ್ಯಾಳ. ಬಾರಸಾಕಿಗಂತೂ ಬಸ್ ಹೋಗಿಬಿಡ್ತದೇನೋ ಅನ್ನೂವಂಥ ಅವಸರ. ಕಡೀದು ಕೇಳಿ ನನಗ ಅಳು ಬಂತು. ಇಡೀ ದಿನ ಒಬ್ಬಾಕೀನೇ ಕೂತೀನಿ, ಹೇಳಾಕ ಯಾರೂ ಇಲ್ಲ. ನಿನಗ ಹ್ಯಾಂಗ ಅನಸ್ತು ಹೇಳು. ಹೆಬ್ಬೆಟ್ಟು ಕಳಸಬ್ಯಾಡ."

ಹೆಬ್ಬೆಟ್ಟು ಬರಲಿಲ್ಲ. ಏನೂ ಬರಲಿಲ್ಲ. ಬೇಜಾರಾಗಿ ಫೋನು ಮಗ್ಗುಲಿಗಿಟ್ಟು ಮಲಗಿದೆ.

ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ತಂಗೀ, ಎರಡನೇದು ಹಾಡಿದಾಕಿ ನಾನು."

ನನಗೆ ಅರ್ಥವಾಗಲಿಲ್ಲ. ಫೋನು ತೆಗೆದು ನೋಡಿದೆ. ಮೆಸೇಜು ಹೋದದ್ದು ಗೆಳತಿಗಲ್ಲ, ಭಜನಾ ಬಳಗಕ್ಕೆ. ಹಿಂದಿನ ದಿನ ಮಧ್ಯಾಹ್ನವೇ ಅವರ ಭಜನೆ ಇತ್ತು.

"ತಬಲಾ ಬಾರಸಾಕಿ ನಿನ್ನೆ ಉಂಡೇ ಇಲ್ಲ," ಅಂದರು ಅಕ್ಕ. "ಕಡೀದು ಹಾಡಿದಾಕಿ ಓಣಿ ತುಂಬ ಪೇಢೆ ಹಂಚಾಕತ್ತಾಳ."

"ಅಕ್ಕಾ, ಖರೇನ ಅದು ನಿಮ್ಮ ಭಜನಿ ಬಗ್ಗೆ ಅಲ್ಲರಿ. ನಾ ನಿನ್ನೆ ಬಂದೇ ಇರಲಿಲ್ಲ."

"ಗೊತ್ತದ. ಅದಕ್ಕೇ ಕೇಳಾಕತ್ತೀನಿ, ಬರದೇ ಇದ್ದಾಕಿಗೆ ಇಷ್ಟು ಬರೋಬ್ಬರಿ ಹ್ಯಾಂಗ ತಿಳೀತು?"

ಬೇರೆ ದಾರಿ ಇಲ್ಲದೆ ಆಲ್ಬಮ್ ಹಚ್ಚಿದೆ. ಅಕ್ಕ ಈಗ ಕೂತರು. ಮೊದಲನೇ ಹಾಡು ಮುಗಿಯಿತು, ಅವರು ಮಿಸುಕಲಿಲ್ಲ. ಎರಡನೇದು ಮುಗಿಯಿತು. ಹುಬ್ಬು ಗಂಟಿಕ್ಕಿ ಏನೋ ಯೋಚಿಸಿದರು.

"ಇದು ಹಾಡಲ್ಲ ತಂಗಿ, ಜಗಳ."

"ಹೌದ್ರಿ."

"ಮೊದಲನೇದು ಖರೇ ಜಗಳ. ಎರಡನೇದ್ರಾಗ ಆಕಿಗೆ ಸಿಟ್ಟೇ ಬಂದಿಲ್ಲ. ಮಂದಿ ನೋಡಾಕತ್ತಾರಂತ ಒದರಾಕತ್ತಾಳ."

ನಾನೂ ಅದನ್ನೇ ಅಂದಿದ್ದೆ, ಆದರೆ ಇಷ್ಟು ಚೆನ್ನಾಗಿ ಅಂದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಒಂದು ಅಭಿಪ್ರಾಯಕ್ಕೆ ಎದುರು ಕುರ್ಚಿಯಿಂದ ಉತ್ತರ ಬಂದಿತ್ತು. ಕಣ್ಣು ತುಂಬಿದ್ದು ಕಾಣಬಾರದೆಂದು ಚಹಾ ಇಡುವ ನೆಪದಲ್ಲಿ ಒಲೆಯ ಕಡೆ ತಿರುಗಿದೆ.

"ಮುಂದಿಂದು ಹಚ್ಚು," ಅಂದರು ಅಕ್ಕ. ಎದ್ದು ಹೋಗಿ ಬಾಗಿಲು ಮುಚ್ಚಿ, ಚಿಲಕ ಹಾಕಿ ಬಂದರು.

"ಆವಾಜ್ ಜರಾ ಕಮ್ಮಿ ಇರಲಿ. ಕೆಳಗ ನಮ್ಮ ಸೊಸಿ ಇದ್ದಾಳ, ಕಲತುಬಿಡ್ತಾಳ."