ಓದದೆ ಹಾಕಿದ ಸಹಿ

ನಗಬೇಕಾದ ಕಡೆ ಮುಖ ಗಂಟು ಹಾಕಿಕೊಂಡು ಕೂರುವುದು, ಹೆದರಬೇಕಾದ ಕಡೆ ಕಿಸಕ್ಕನೆ ನಗುವುದು. ಇದನ್ನು ನಮ್ಮ ಕಾಲೇಜಿನ ಮಕ್ಕಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ಶಿರಾ ಗೇಟ್‌ನಿಂದ ಹತ್ತು ನಿಮಿಷದ ದಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಆದರೆ ಹೋದ ವರ್ಷ ಒಂದೇ ಒಂದು ಕಾದಂಬರಿ ನನ್ನನ್ನು ಪೇಚಿಗೆ ಸಿಕ್ಕಿಸಿದಷ್ಟು ಇನ್ಯಾವುದೂ ಸಿಕ್ಕಿಸಿರಲಿಲ್ಲ.

ಹದಿಹರೆಯದವರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿ ಅದು. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕಥೆ. ಸುತ್ತಲೂ ದೊಡ್ಡ ಗೋಡೆಯಿರುವ ಒಂದು ಊರು, ಮೂಲೆಮೂಲೆಗೂ ಕ್ಯಾಮೆರಾ. ಕೆಲಸಗಾರರಿಗೆ ಹೆಸರಿಲ್ಲ, ನಂಬರ್ ಮಾತ್ರ. ಹುಡುಗಿ ವಯಸ್ಸಿಗೆ ಬಂದರೆ ಒಂದು ಮಂಡಳಿ ಬಂದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ನೋಡಿ, ಯಾರ ಜೊತೆ ಬಾಳಬೇಕೆಂದು ತೀರ್ಮಾನಿಸುತ್ತದೆ. ಅಪ್ಪ ಅಮ್ಮ ಒಂದು ಫಾರಂಗೆ ಓದದೆ ಸಹಿ ಹಾಕುತ್ತಾರೆ. ಕೊನೆಗೆ ನಾಯಕಿ ಗೋಡೆ ಹತ್ತಿ ತಪ್ಪಿಸಿಕೊಳ್ಳುತ್ತಾಳೆ. ಇದನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿದ ನಾನು, ಪಾಪ, ಮಕ್ಕಳು ಹೆದರಿಕೊಂಡಾರು ಎಂದು ಯೋಚನೆ ಮಾಡಿದ್ದೆ. ನನ್ನ ಬುದ್ಧಿಗೆ ಏನು ಹೇಳುವುದು!

ಅಡ್ಮಿಷನ್ ಹೆಂಗೆ?

ಮೊದಲ ಅಧ್ಯಾಯವನ್ನು ನಾನು ದನಿ ತಗ್ಗಿಸಿ ಓದಿದೆ. ಬೆಳಗ್ಗೆ ಐದಕ್ಕೆ ಗಂಟೆ. ಊಟ ಮಾಡುವಾಗ ಮಾತಾಡುವಂತಿಲ್ಲ. ಅಪ್ಪ ಅಮ್ಮನನ್ನು ನೋಡುವುದು ತಿಂಗಳಿಗೊಮ್ಮೆ, ಅದೂ ಕಂಬಿಗಳ ಆಚೆಯಿಂದ. ತಲೆ ಎತ್ತಿ ನೋಡಿದರೆ ಒಬ್ಬ ಹುಡುಗ ಆಕಳಿಸುತ್ತಿದ್ದ. ಗುಬ್ಬಿ ಕಡೆಯವನು. ಪಿಯುಸಿಯ ಎರಡೂ ವರ್ಷ ಯಾವುದೋ ರೆಸಿಡೆನ್ಷಿಯಲ್ ಕಾಲೇಜಿನಲ್ಲಿದ್ದು, ಡಾಕ್ಟರ್ ಸೀಟು ಸಿಗದೆ ನಮ್ಮಲ್ಲಿ ಬಿ.ಎ.ಗೆ ಸೇರಿದ್ದ.

"ಏನಪ್ಪಾ, ಭಯ ಆಗಲ್ವಾ?" ಎಂದೆ.

"ಇದು ಮುಂದೆ ಬರೋ ಕಾಲ ಅಂದ್ರಲ್ಲಾ ಮೇಡಂ?"

"ಹೌದು."

"ನಾನು ಆಗ್ಲೇ ಎರಡು ವರ್ಷ ಅಲ್ಲಿದ್ದು ಬಂದಿದೀನಿ. ನಮಗೆ ನಾಲ್ಕೂವರೆಗೇ ಬೆಲ್ಲು. ಮನೆಗೆ ಫೋನ್ ಮಾಡಿದ್ರೆ ವಾರ್ಡನ್ ಪಕ್ಕದಲ್ಲೇ ನಿಂತ್ಕೊಂಡು ಕೇಳೋರು. ನನ್ನ ರೂಂಮೇಟ್ ಒಬ್ಬ ಇದ್ದಕ್ಕಿದ್ದಂಗೆ ಮಾತಾಡೋದೇ ನಿಲ್ಲಿಸ್ಬಿಟ್ಟ. ಅವರಪ್ಪ ಬಂದು ಕರ್ಕೊಂಡೋದ್ರು. ಮಾರನೇ ದಿನ ಅವನ ಮಂಚಕ್ಕೆ ಇನ್ನೊಬ್ಬ ಬಂದ."

ಅವನು ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ಏನನ್ನೋ ಹುಡುಕುತ್ತಿದ್ದ.

"ಮೇಡಂ, ಭಾನುವಾರ ಟೆಸ್ಟ್ ಇರುತ್ತೆ ಅಂತ ಎಲ್ಲೂ ಬರ್ದಿಲ್ಲ. ಈ ಊರಿಗೆ ಅಡ್ಮಿಷನ್ ಹೆಂಗೆ?"

ನಂಬರ್

ಎರಡನೇ ವಾರ ಕೆಲಸಗಾರರ ಅಧ್ಯಾಯ. ಹೆಸರು ಕಿತ್ತುಕೊಂಡು, ಅಂಗಿಯ ಮೇಲೆ ನಂಬರ್ ಹೊಲಿಯುವ ದೃಶ್ಯ. ಲೇಖಕರು ಎರಡು ಪುಟದುದ್ದಕ್ಕೂ ಓದುಗರ ಕಣ್ಣಲ್ಲಿ ನೀರು ತರಿಸಿದ್ದಾರೆ. "ಹೆಸರೇ ಇಲ್ಲದೆ ಬದುಕೋದು ಅಂದ್ರೆ ಹೇಗಿರುತ್ತೆ, ಯೋಚನೆ ಮಾಡಿ" ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಮಧ್ಯಾಹ್ನದವರೆಗೆ ಕಾಲೇಜು, ಆಮೇಲೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಎಡಗೈಯ ಕಿರುಬೆರಳ ತುದಿ ಆ ಕಾರ್ಖಾನೆಯಲ್ಲೇ ಹೋಗಿದೆ.

"ಎಲ್ಲರಿಗೂ ನಂಬರ್ ಕೊಟ್ರಾ ಮೇಡಂ?"

"ಎಲ್ಲರಿಗೂ."

"ಹಂಗಾದ್ರೆ ಪರ್ಮನೆಂಟ್ ಮಾಡಿದ್ರು ಅಂತಾಯ್ತು. ನಾನು ಮೂರು ವರ್ಷದಿಂದ ಕಾಂಟ್ರಾಕ್ಟು. ಬೆರಳು ಹೋದಾಗ ಆಸ್ಪತ್ರೇಲಿ ಎಂಪ್ಲಾಯಿ ನಂಬರ್ ಕೇಳಿದ್ರು. ನಂಗಿನ್ನೂ ಕೊಟ್ಟೇ ಇಲ್ಲ."

ಒಳ್ಳೇ ಪುಸ್ತಕ

ಅಷ್ಟರಲ್ಲಿ ಯಾರೋ ಪೋಷಕರು ಪ್ರಿನ್ಸಿಪಾಲರಿಗೆ ಫೋನ್ ಮಾಡಿ, "ಮಕ್ಕಳಿಗೆ ಅದೇನೋ ಓಡಿಹೋಗೋ ಕಥೆ ಹೇಳಿಕೊಡ್ತಿದಾರಂತೆ" ಎಂದಿದ್ದರು. ನನಗೆ ಬುಲಾವ್ ಬಂತು.

"ಏನ್ ಮೇಡಂ ಇದು? ಲವ್ ಸ್ಟೋರಿನಾ?"

"ಇಲ್ಲ ಸಾರ್. ಅದರಲ್ಲಿ ಯಾರೂ ಯಾರನ್ನೂ ಪ್ರೀತಿಸೋ ಹಾಗಿಲ್ಲ. ಯಾರು ಯಾರನ್ನು ಮದುವೆ ಆಗಬೇಕು ಅಂತ ಹಿರಿಯರೇ ತೀರ್ಮಾನ ಮಾಡ್ತಾರೆ. ಹುಡುಗಿಯರು ಎದುರು ಮಾತಾಡೋ ಹಾಗಿಲ್ಲ. ಎಲ್ಲ ಕಡೆ ಕ್ಯಾಮೆರಾ ಇಟ್ಟಿರ್ತಾರೆ."

ಪ್ರಿನ್ಸಿಪಾಲರ ಮುಖ ಅರಳಿತು. "ಮತ್ತೆ ಒಳ್ಳೇ ಪುಸ್ತಕ ಅಲ್ವೇನ್ರೀ!"

ಆದರೂ ಮುನ್ನೆಚ್ಚರಿಕೆಗೆ ಒಂದು ಆರ್ಡರ್ ಹೊರಡಿಸಿದರು. ಈ ಕಾದಂಬರಿಯ ಬಗ್ಗೆ ಮಕ್ಕಳು ಬರೆಯುವ ಅಸೈನ್‌ಮೆಂಟಿಗೆ ಪೋಷಕರ ಸಹಿ ಇರಬೇಕು, ಆ ಸಹಿ ಅಡ್ಮಿಷನ್ ಫಾರಂನಲ್ಲಿರುವ ಸಹಿಗೆ ಹೊಂದಬೇಕು. ಹೋಲಿಸಿ ನೋಡುವ ಕೆಲಸ ಆಫೀಸಿನ ಗುಮಾಸ್ತರಿಗೆ ಬಿತ್ತು. ಅವರಿಗೆ ರಿಟೈರ್ ಆಗಲು ಎರಡು ವರ್ಷ ಉಳಿದಿದೆ, ಜೀವನದಲ್ಲಿ ಒಂದು ಕಾಗದವನ್ನೂ ಸುಮ್ಮನೆ ಬಿಟ್ಟವರಲ್ಲ. ಭೂತಗನ್ನಡಿ ಇಟ್ಟುಕೊಂಡು ಕೂತರು. ಒಬ್ಬ ಹುಡುಗನ ಅಜ್ಜಿ ಹೆಬ್ಬೆಟ್ಟು ಒತ್ತಿದ್ದರೆ ಅದನ್ನೂ ವಾಪಸ್ ಕಳಿಸಿದರು.

"ಯಾಕ್ ಸಾರ್, ಅಜ್ಜಿ ಬೆರಳು ಅಜ್ಜಿದೇ ಅಲ್ವಾ?" ಎಂದೆ.

"ಅಡ್ಮಿಷನ್‌ನಲ್ಲಿ ಎಡಗೈದು ಒತ್ತವ್ರೆ, ಇದು ಬಲಗೈದು. ನಡೆಯಲ್ಲ ಮೇಡಂ."

ಕಾಂಪೌಂಡ್ ಇಲ್ಲದ ಮನೆ

ಅಸೈನ್‌ಮೆಂಟಿನ ಪ್ರಶ್ನೆ ಸರಳವಾಗಿತ್ತು: ಈ ಕಾದಂಬರಿ ನಿಮಗೆ ಏನನ್ನಿಸಿತು? ಅರವತ್ತು ಮಕ್ಕಳಲ್ಲಿ ಐವತ್ತೊಂಬತ್ತು ಮಂದಿಗೆ ಒಂದೇ ಗೈಡಿನಿಂದ ಒಂದೇ ಥರ ಅನ್ನಿಸಿತ್ತು. ಉಳಿದವಳು ನಿಟ್ಟೂರಿನಿಂದ ದಿನಾ ರೈಲಿನಲ್ಲಿ ಬರುವ ಹುಡುಗಿ. ಎರಡನೇ ವರ್ಷ. ಕ್ಲಾಸಿನಲ್ಲಿ ಅವಳ ದನಿ ನಾನು ಕೇಳಿದ್ದು ಹಾಜರಿ ಕರೆದಾಗ ಮಾತ್ರ.

ತಪ್ಪುಗಳಿದ್ದರೂ ನೇರವಾದ ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ಸಾರಾಂಶ ಇಷ್ಟು:

"ಆ ಊರಿನಲ್ಲಿ ಮಂಡಳಿಯವರು ಒಂದೇ ಸಲ ಬರುತ್ತಾರೆ. ನಮ್ಮ ಮನೆಗೆ ಏಳು ಸಲ ಬಂದಿದ್ದಾರೆ. ಏಳು ಸಲವೂ ಉಪ್ಪಿಟ್ಟು, ಕೇಸರಿಬಾತ್ ತಿಂದಿದ್ದಾರೆ. ಒಬ್ಬರು ಕಪ್ಪು ಎಂದರು, ಒಬ್ಬರು ಕುಳ್ಳಿ ಎಂದರು, ಒಬ್ಬರು ನಡೆದು ತೋರಿಸು ಎಂದರು. ಕಾದಂಬರಿಯಲ್ಲಿ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ, ಅದು ನನಗೆ ಇಷ್ಟವಾಯಿತು. ನಮ್ಮಲ್ಲಿ ಚಾಪೆ. ನಾಯಕಿ ಕೊನೆಗೆ ಗೋಡೆ ಹತ್ತುತ್ತಾಳೆ. ನಮ್ಮ ಮನೆಗೆ ಕಾಂಪೌಂಡೇ ಇಲ್ಲ. ನಾನು ಏನನ್ನು ಹತ್ತಲಿ?"

ಕೊನೆಗೆ ಹೀಗಿತ್ತು: "ಅಲ್ಲಿಯ ಹಾಗೆ ನಮ್ಮಲ್ಲೂ ಓದದೆ ಸಹಿ ಹಾಕುತ್ತಾರೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ನನ್ನ ಡಿಗ್ರಿ ಮುಗಿಯುವವರೆಗೆ ನನ್ನನ್ನು ಯಾರಿಗೂ ತೋರಿಸುವುದಿಲ್ಲ ಎಂದು ಕೆಳಗೆ ಸಹಿ ಮಾಡಿದವರು ಒಪ್ಪಿದ್ದಾರೆ."

ಕೆಳಗೆ ದುಂಡಗೆ ಅಪ್ಪನ ಸಹಿ. ಪಕ್ಕದಲ್ಲಿ ಗುಮಾಸ್ತರ ಹಸಿರು ಇಂಕಿನ ಗುರುತು: ಹೊಂದುತ್ತದೆ.

ನಾನು ಜೋರಾಗಿ ನಕ್ಕೆ. ಆಮೇಲೆ ಇನ್ನೊಂದು ಸಲ ಓದಿದೆ, ನಗು ಬರಲಿಲ್ಲ. ಮಾಡಿದ್ದೇನು ಎಂದರೆ, ಹತ್ತಕ್ಕೆ ಹತ್ತು ಅಂಕ ಕೊಟ್ಟು, "ಚೆನ್ನಾಗಿದೆ, ಅಕ್ಷರ ಇನ್ನೂ ದುಂಡಗಿರಲಿ" ಎಂದು ಬರೆದು, ಟೀ ಕುಡಿಯಲು ಹೋದೆ. ಅವಳನ್ನು ಕರೆದು ಒಂದು ಮಾತೂ ಕೇಳಲಿಲ್ಲ. ನನಗೆ ಇವತ್ತಿಗೂ ಅದು ನಾಚಿಕೆ.

ಟಿ.ಸಿ.

ಒಂದು ತಿಂಗಳಾಗಿರಬೇಕು. ಆಫೀಸಿನಲ್ಲಿ ಕೂಗಾಟ ಕೇಳಿ ಹೋದೆ. ಕೌಂಟರ್ ಮುಂದೆ ಆ ಹುಡುಗಿಯ ಅಪ್ಪ, ಹೆಗಲ ಮೇಲೆ ಟವೆಲ್ಲು. ಹಿಂದೆ ಗೋಡೆಗೆ ಒರಗಿಕೊಂಡು ಅವಳು. ಅತ್ತು ಅತ್ತು ಕಣ್ಣು ಊದಿತ್ತು.

ಎಂಟನೇ ಸಲ ಬಂದವರು ಕುಣಿಗಲ್ಲಿನವರಂತೆ. ಒಪ್ಪಿದ್ದಾರೆ. ಹುಡುಗಿ ಓದು ಬಿಡಬೇಕು, ಮುಂದಿನ ತಿಂಗಳೇ ಮದುವೆ ಆಗಬೇಕು ಎಂದಿದ್ದಾರೆ. ಅಪ್ಪ ಟಿ.ಸಿ. ತೆಗೆದುಕೊಂಡು ಹೋಗಲು ಬಂದಿದ್ದರು.

"ಇನ್ನೊಂದೇ ವರ್ಷ ಅಲ್ವಾ, ಮುಗಿಸ್ಲಿ ಬಿಡಿ" ಎಂದೆ.

"ಏಳು ಜನ ಬ್ಯಾಡ ಅಂದೋದ್ರು ಮೇಡಂ. ಊರಲ್ಲಿ ತಲೆ ಎತ್ಕೊಂಡು ಓಡಾಡಂಗಿಲ್ಲ. ಇವ್ರು ಹೂಂ ಅಂದವ್ರೆ. ಬ್ಯಾಡ ಅನ್ನೋಕೆ ನಂಗೆ ಧೈರ್ಯ ಇಲ್ಲ" ಎಂದರು. ಕೆಟ್ಟ ಮನುಷ್ಯನಲ್ಲ. ಅದರಿಂದಲೇ ನನಗೆ ಇನ್ನೂ ಸಂಕಟವಾಯಿತು.

ಆದರೆ ಕೂಗಾಟ ಅದಕ್ಕಲ್ಲ. ಗುಮಾಸ್ತರು ಟಿ.ಸಿ. ಅರ್ಜಿಯನ್ನೂ ಹಳೇ ಅಡ್ಮಿಷನ್ ಫಾರಂ ಅನ್ನೂ ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು, ತಲೆ ಅಲ್ಲಾಡಿಸುತ್ತಿದ್ದರು.

"ಸೈನ್ ಟ್ಯಾಲಿ ಆಗ್ತಿಲ್ಲ."

"ನನ್ ಸೈನು ನಂಗೇ ಗೊತ್ತಿಲ್ವೇನ್ರೀ?"

"ಇನ್ನೊಂದ್ಸಲ ಹಾಕಿ."

ಹಾಕಿದರು. ಮತ್ತೆ ಹಾಕಿದರು. ಸಿಟ್ಟಿಗೆ ಪ್ರತಿ ಸಲವೂ ಸಹಿ ದೊಡ್ಡದಾಗುತ್ತಾ ಹೋಯಿತೇ ಹೊರತು ಹೊಂದಲಿಲ್ಲ. ಜೇಬಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ಕೌಂಟರ್ ಮೇಲೆ ಇಟ್ಟರು. ಗುಮಾಸ್ತರು ಅದನ್ನೂ ನೋಡಿದರು.

"ನೀವು ನೀವೇ, ಒಪ್ಕೊಂಡೆ. ಆದ್ರೆ ಈ ಹುಡುಗಿ ಅಪ್ಪ ನೀವೇ ಅಂತ ನಮ್ ರೆಕಾರ್ಡ್ ಹೇಳ್ತಿಲ್ಲ. ಅವರಪ್ಪ ಈ ಥರ ಸೈನ್ ಹಾಕೋರು."

ಅಪ್ಪ ಫಾರಂ ಕಿತ್ತುಕೊಂಡು ನೋಡಿದರು. ಅವರ ಸಿಟ್ಟು ನಿಧಾನಕ್ಕೆ ಇಳಿಯಿತು.

"ಇದು... ನಮ್ಮನೇಲಿ ಇವಳಮ್ಮ ಬೇಳೆ ಡಬ್ಬಿ ಮೇಲೆ ಬರಿತಾಳಲ್ಲ, ಅದೇ ಅಕ್ಸರ" ಎಂದರು.

ಅಡ್ಮಿಷನ್ ದಿನ ಅವರು ಗೇಟಿನ ಹೊರಗೆ ಬೈಕ್ ಹಿಡಿದುಕೊಂಡು ನಿಂತಿದ್ದರಂತೆ. ಫಾರಂ ಮನೆಯಿಂದಲೇ ತುಂಬಿಕೊಂಡು ಬಂದಿತ್ತು. ಈಗ ಹೆಂಡತಿಗೆ ಫೋನ್ ಮಾಡಿದರು. ಕೈತಪ್ಪಿ ಸ್ಪೀಕರ್ ಒತ್ತಿದರೋ, ಬೇಕೆಂದೇ ಒತ್ತಿದರೋ ಗೊತ್ತಿಲ್ಲ, ಆಫೀಸಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಏನೇ, ನನ್ ಸೈನ್ ನೀನ್ ಹಾಕ್ತಿದ್ಯಾ?"

"ಹೂಂ ಕಣ್ರೀ. ಒಂದನೇ ಕ್ಲಾಸಿಂದ ನಾನೇ ಹಾಕ್ತಿರೋದು. ನೀವ್ ಯಾವತ್ ಕೇಳಿದ್ರಿ?"

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. "ಅಮ್ಮಾ, ನಾನು ಇವಳ ಇಂಗ್ಲಿಷ್ ಮೇಡಂ. ಹೋದ ತಿಂಗಳು ಒಂದು ಅಸೈನ್‌ಮೆಂಟಿಗೆ ಸಹಿ ಹಾಕಿದ್ರಲ್ಲ, ಅದರಲ್ಲಿ ಏನು ಬರೆದಿತ್ತು ಗೊತ್ತಾ?"

"ಓದೇ ಹಾಕಿದ್ದು ಮೇಡಂ. ನಾನೂ ಸೆಕೆಂಡ್ ಪಿಯುಸಿ ತಂಕ ಓದಿದೀನಿ. ಪರೀಕ್ಷೆಗೆ ಎರಡು ತಿಂಗಳಿತ್ತು. ನಮ್ಮಪ್ಪ ನನ್ ಟಿ.ಸಿ.ಗೆ ಸೈನ್ ಹಾಕಿ ಮದ್ವೆ ಮಾಡಿಬಿಟ್ರು."

ಗೋಡೆಗೆ ಒರಗಿದ್ದ ಹುಡುಗಿ ನೆಟ್ಟಗೆ ನಿಂತಳು. ಅಮ್ಮ ಅದನ್ನು ಓದಿದ್ದಾಳೆ ಎಂಬುದು ಅವಳಿಗೆ ಗೊತ್ತಾದದ್ದೇ ಆಗ. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಗುಮಾಸ್ತರಿಗೆ ಇನ್ನೂ ಟಿ.ಸಿ. ಅರ್ಜಿ ಬಾಕಿ ಉಳಿದಿತ್ತು. ಅವರು ಫೋನಿನ ಕಡೆ ಬಗ್ಗಿದರು.

"ನೋಡಮ್ಮಾ, ನಮ್ ರೆಕಾರ್ಡ್ ಪ್ರಕಾರ ಈ ಹುಡುಗಿ ಅಪ್ಪ ನೀವೇ. ಟಿ.ಸಿ. ಬೇಕಂದ್ರೆ ನೀವೇ ಬಂದು ಸೈನ್ ಹಾಕ್ಬೇಕು. ಯಾವಾಗ ಬರ್ತೀರಾ?"

"ಈಗಾಗಲ್ಲ ಸಾರ್, ಮುದ್ದೆಗೆ ಎಸರಿಟ್ಟಿದೀನಿ" ಎಂದರು ಆಕೆ. "ಒಂದು ವರ್ಷ ಬಿಟ್ಕೊಂಡು ಬರ್ತೀನಿ."